ಜರಡಿ ಮೇಸ್ತ್ರಿಯ ಆಯಿಲ್ ಪರೀಕ್ಷೆ

ಮೇಸ್ತ್ರಿಗೆ ಜರಡಿ ಎಂಬ ಅಡ್ಡಹೆಸರು ಯಾರು ಇಟ್ಟರೋ ಗೊತ್ತಿಲ್ಲ, ಇಟ್ಟವರು ಅವನನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಅವನ ಗ್ಯಾರೇಜಿಗೆ ಬಂದ ಯಾವ ಕಾರಿನ ಹಳೆಯ ಎಂಜಿನ್ ಆಯಿಲನ್ನೂ ಅವನು ಹಾಗೇ ಚೆಲ್ಲಿದವನಲ್ಲ. ಮೊದಲು ತೆಳುಬಟ್ಟೆ ಕಟ್ಟಿದ ಜರಡಿಯಲ್ಲಿ ಸೋಸಬೇಕು, ಬಟ್ಟೆಯ ಮೇಲೆ ಉಳಿದದ್ದನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕು, ಕಬ್ಬಿಣದ ಪುಡಿಯೋ ಹಿತ್ತಾಳೆಯದೋ ಎಂದು ನೋಡಬೇಕು, ಆಮೇಲೆ ಕಾರಿನ ಮಾಲೀಕರ ಮುಖ ನೋಡಬೇಕು. ಹೊತ್ತು ಹೊತ್ತಿಗೆ ಸರ್ವಿಸ್ ಮಾಡಿಸಿದ್ದೇವೆ ಎಂದು ಎದೆ ಉಬ್ಬಿಸಿ ಹೇಳಿದವರು ಕೂಡ ಆ ನೋಟದ ಮುಂದೆ ಕಾಲಿನ ಹೆಬ್ಬೆರಳನ್ನೇ ನೋಡುತ್ತ ನಿಲ್ಲುತ್ತಿದ್ದರು.

ಸೋಸುವುದು ಆಯಿಲಿಗೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಮೇಸ್ತ್ರಿ ಲೋಕವನ್ನೇ ಸೋಸುತ್ತಿದ್ದ. ಔಷಧದ ಬಾಟಲಿಯ ಮೇಲಿನ ತಾರೀಖನ್ನು ಮೂರು ಸಲ ಓದುತ್ತಿದ್ದ. ಇವತ್ತು ಮಳೆಯಿಲ್ಲ ಎಂದು ರೇಡಿಯೋ ಹೇಳಿದರೆ ಕೊಡೆ ಹುಡುಕುತ್ತಿದ್ದ. ಮದುವೆಗೆ ಮೊದಲು ಹುಡುಗಿಯನ್ನು ನಿಜವಾಗಿಯೂ ಒಪ್ಪಿಗೆಯಿದೆಯೇ ಎಂದು ಕೇಳಿದ್ದ. ಒಮ್ಮೆಯಲ್ಲ, ಮೂರು ಸಲ. ಇನ್ನೊಂದು ಸಲ ಕೇಳಿದರೆ ಒಪ್ಪಿಗೆ ವಾಪಸ್ಸು ಎಂದು ಅವಳು ಹೇಳಿದ ಮೇಲೆಯೇ ನಂಬಿಕೆ ಬಂದದ್ದು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ತುಳಿಯುತ್ತ ಅವಳು ಈ ಕಥೆಯನ್ನು ಬಟ್ಟೆ ಹೊಲಿಸಲು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಹಾವು ಕಚ್ಚಿದವನು ಹಗ್ಗಕ್ಕೂ ಹೆದರುತ್ತಾನೆ ಎನ್ನುತ್ತಾರಲ್ಲ, ಮೇಸ್ತ್ರಿಗೂ ಒಂದು ಹಾವು ಕಚ್ಚಿತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವನು ಒಬ್ಬ ದೊಡ್ಡ ಮೇಸ್ತ್ರಿಯ ಕೈಕೆಳಗೆ ಕೆಲಸಕ್ಕಿದ್ದ. ಹೊಸ ಡಬ್ಬಿಯಲ್ಲಿ ಯಾರೋ ಹಳೆಯ ಆಯಿಲನ್ನು ಸೋಸಿ ತುಂಬಿ ಮಾರಿದ್ದರು. ಅದನ್ನು ಹಾಕಿದ ಎಂಜಿನ್ ತಿರುಗದೆ ಹಿಡಿದುಕೊಂಡುಬಿಟ್ಟಿತು. ತಪ್ಪು ಡಬ್ಬಿಯದು ಎಂದು ಗುರುವಿಗೆ ಗೊತ್ತಿತ್ತು. ಆದರೂ ಗ್ಯಾರೇಜಿನ ಮಾಲೀಕ ಈ ಹುಡುಗನನ್ನು ಎಲ್ಲರೆದುರು ಬೈದು ಹೊರಗೆ ಹಾಕುವಾಗ ಗುರು ಸ್ಪ್ಯಾನರ್ ಒರೆಸುತ್ತ ಸುಮ್ಮನೆ ಕುಳಿತಿದ್ದ. ಅಂದಿನಿಂದ ಮೇಸ್ತ್ರಿ ಯಾವ ಡಬ್ಬಿಯ ಮೇಲಿನ ಅಕ್ಷರವನ್ನೂ ನಂಬಲಿಲ್ಲ.

ಅಕ್ಷರ ನಂಬದವನು ಏನನ್ನಾದರೂ ನಂಬಲೇಬೇಕಲ್ಲ. ಮೇಸ್ತ್ರಿ ನಂಬಿದ್ದು ಒಂದು ಗುಂಡನ್ನು. ಮುಚ್ಚಿಹೋದ ಶಾಲೆಯ ಪ್ರಯೋಗಶಾಲೆಯಿಂದ ತಂದ ಗೇಣುದ್ದದ ಗಾಜಿನ ಕೊಳವೆಗಳು ಅವನ ಬಳಿ ನಾಲ್ಕಿದ್ದವು. ಒಂದರಲ್ಲಿ ಹೊಸ ಆಯಿಲ್ ತುಂಬಿ, ಸಾಸಿವೆ ಕಾಳಿನಷ್ಟು ಚಿಕ್ಕ ಉಕ್ಕಿನ ಗುಂಡನ್ನು ಮೇಲಿನಿಂದ ಬಿಟ್ಟು, ಅದು ತಳ ಮುಟ್ಟುವವರೆಗೆ ಗಡಿಯಾರ ನೋಡುತ್ತಿದ್ದ. ಓದಿದವರು ಸ್ನಿಗ್ಧತೆ ಎನ್ನುವುದನ್ನು ಅವನು ಮಂದ ಎನ್ನುತ್ತಿದ್ದ. ಮಂದ ಹೆಚ್ಚಿದಷ್ಟೂ ಗುಂಡು ನಿಧಾನ. ಪರೀಕ್ಷೆ ಯಾವಾಗಲೂ ಬೆಳಿಗ್ಗೆ ಹತ್ತಕ್ಕೆ, ಅದೇ ಕಿಟಕಿಯ ಪಕ್ಕ, ಅದೇ ಬೆಂಚಿನ ಮೇಲೆ. ಎಷ್ಟು ಸೆಕೆಂಡು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಡಬ್ಬಿಯ ಮೇಲೆ ಮಂದದ ಅಂಕಿ ನಲವತ್ತು ಎಂದಿದ್ದರೆ ಗುಂಡಿಗೆ ಹದಿನಾಲ್ಕು ಸೆಕೆಂಡು ಬೇಕು, ಐವತ್ತು ಎಂದಿದ್ದರೆ ಇನ್ನೂ ಹೆಚ್ಚು. ಗುಂಡಿಗೆ ನೆಂಟರಿಲ್ಲ, ಮುಲಾಜಿಲ್ಲ, ಅದು ಸುಳ್ಳು ಹೇಳುವುದಿಲ್ಲ ಎಂಬುದು ಅವನ ಮಾತು.

ನೆಂಟರ ಮಾತು ಸುಮ್ಮನೆ ಬಂದದ್ದಲ್ಲ. ಅವನಿಗೆ ಆಯಿಲ್ ಕೊಡುತ್ತಿದ್ದವನು ಹೆಂಡತಿಯ ಒಬ್ಬನೇ ತಮ್ಮ. ಗ್ಯಾರೇಜುಗಳಿದ್ದ ಆ ಬೀದಿಯ ತಿರುವಿನಲ್ಲೇ ಭಾವಮೈದನ ಬಿಡಿಭಾಗಗಳ ಅಂಗಡಿ. ಅವನು ನಗುಮುಖದ ಮನುಷ್ಯ, ಮಾತುಗಾರ. ಒಂದು ಸ್ಪಾರ್ಕ್ ಪ್ಲಗ್ ಕೊಳ್ಳಲು ಹೋದವರು ಅವನ ಮಾತಿಗೆ ಸಿಕ್ಕಿ ಪ್ಲಗ್ ಮರೆತು ಬಂದದ್ದುಂಟು. ಇಷ್ಟು ನಗುವವನು ಏನನ್ನೋ ಮುಚ್ಚಿಡುತ್ತಿರಬೇಕು ಎಂದು ಮೇಸ್ತ್ರಿಗೆ ಮೊದಲಿನಿಂದಲೂ ಒಳಗೊಳಗೇ ಇತ್ತು. ಹದಿನಾರು ವರ್ಷ ಅವನ ಪ್ರತಿ ಡಬ್ಬಿಗೂ ಗುಂಡು ಬಿಟ್ಟ. ಹದಿನಾರು ವರ್ಷವೂ ಪ್ರತಿ ಡಬ್ಬಿ ಪಾಸಾಯಿತು. ಬೇರೆಯವರಾದರೆ ನೆಮ್ಮದಿಯಿಂದ ಮಲಗುತ್ತಿದ್ದರು. ಹದಿನಾರು ವರ್ಷ ಸಿಕ್ಕಿಬೀಳದವನು ಎಷ್ಟು ಜಾಣನಿರಬೇಕು ಎಂದು ಮೇಸ್ತ್ರಿ ಯೋಚಿಸುತ್ತಿದ್ದ.

ಭಾವಮೈದನಿಗೆ ಇದೆಲ್ಲ ತಿಳಿದಿತ್ತೋ ಇಲ್ಲವೋ, ಅವನು ಪ್ರತಿ ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಬಂದವನು ಸೋರುವ ನಲ್ಲಿಗೆ ವಾಷರ್ ಹಾಕುತ್ತಿದ್ದ, ಹೊಲಿಗೆ ಮಷೀನಿನ ಬೆಲ್ಟು ಬಿಗಿ ಮಾಡುತ್ತಿದ್ದ, ಅಕ್ಕನನ್ನು ನಗಿಸಿ ಹೋಗುತ್ತಿದ್ದ.

ಹೀಗಿರುವಾಗ ಆ ಹಳದಿ ಕಾರು ಬಂತು. ಅದರ ಒಡತಿ ಹಲ್ಲಿನ ಡಾಕ್ಟರು. ವಾರವೆಲ್ಲ ಜನರ ಬಾಯಿ ತೆಗೆಸಿ, ಭಾನುವಾರ ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸುವ ಹೆಂಗಸು. ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡಂಥ ಕಾರು. ಎಂಜಿನ್ನಿಗೆ ಗಾಳಿ ನುಗ್ಗಿಸುವ ಟರ್ಬೊ ಬೇರೆ. ಹಿಂದಿನ ವರ್ಷವಷ್ಟೇ ಎಂಜಿನ್ ಬಿಚ್ಚಿ ಹೊಸ ಬೇರಿಂಗ್ ಕೂರಿಸಿದ್ದರು. ಅಂಥ ಕಾರಿಗೆ ಕೈಯಿಡುವುದು ಯಾವ ಮೇಸ್ತ್ರಿಗಾದರೂ ಹೆಮ್ಮೆಯೇ. ಡಾಕ್ಟರಮ್ಮ ಕಾರಿನ ಕೈಪಿಡಿ ತೆರೆದು ತೋರಿಸಿದರು. ಸೊನ್ನೆ-ನಲವತ್ತು ಎಂದು ಅದರಲ್ಲಿತ್ತು. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗಿರುತ್ತದೆ ಎಂಬುದಕ್ಕೆ, ಎರಡನೆಯದು ಎಂಜಿನ್ ಕಾದಾಗ ಹೇಗಿರುತ್ತದೆ ಎಂಬುದಕ್ಕೆ. ಮೇಸ್ತ್ರಿ ಅಲ್ಲಿಯವರೆಗೆ ಹಾಕಿದ್ದೆಲ್ಲ ಹದಿನೈದು-ನಲವತ್ತು, ಇಪ್ಪತ್ತು-ಐವತ್ತು, ಇಂಥವೇ. ಸೊನ್ನೆಯಿಂದ ಶುರುವಾಗುವ ಆಯಿಲನ್ನು ಅವನು ಮುಟ್ಟಿಯೂ ನೋಡಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ಆಗಲಿ ಎಂದ, ಭಾವಮೈದನಿಗೆ ಹೇಳಿ ಡಬ್ಬಿಗಳನ್ನು ತರಿಸಿದ.

ಭಾವಮೈದ ತಾನೇ ಹೊತ್ತು ತಂದ. ಬೆಂಚಿನ ಮೇಲಿಟ್ಟು, ಯಾರೂ ಕೇಳದಿದ್ದರೂ ಹೇಳಿದ:

"ಭಾವ, ಇದು ತಣ್ಣಗಿರೋವಾಗ ನೀರಿನ ಥರ ಇರುತ್ತೆ. ನೋಡಿ ಗಾಬರಿಯಾಗ್ಬೇಡಿ. ಕಾದ ಮೇಲೆ ಇದರ ಗುಣ ಗೊತ್ತಾಗೋದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ, ಎಂದುಕೊಂಡ ಮೇಸ್ತ್ರಿ. ಇಲ್ಲಿ ಕಳ್ಳ ಎಂದು ಯಾರೂ ಕರೆಯುವ ಮೊದಲೇ ಹೆಗಲು ಮುಟ್ಟಿಕೊಂಡಾಗಿತ್ತು. ತೆಳ್ಳಗಿದೆ ಎಂದು ಮೊದಲೇ ಯಾಕೆ ಹೇಳಬೇಕು? ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೇನೆ ಎಂದು ತಾನೇ?

ಮರುದಿನ ಬೆಳಿಗ್ಗೆ ಹತ್ತಕ್ಕೆ ಗುಂಡು ಬಿಟ್ಟ. ಒಂಬತ್ತು ಸೆಕೆಂಡಿಗೆ ತಳ ಮುಟ್ಟಿತು. ಕೊಳವೆ ತೊಳೆದು ಮತ್ತೆ ಬಿಟ್ಟ. ಒಂಬತ್ತೇ. ಹದಿನಾರು ವರ್ಷದ ನೋಟ್‌ಬುಕ್ಕಿನಲ್ಲಿ ಯಾವ ನಲವತ್ತೂ ಹದಿನಾಲ್ಕಕ್ಕಿಂತ ಕೆಳಗಿಳಿದಿರಲಿಲ್ಲ. ಮೇಸ್ತ್ರಿಗೆ ಸಿಟ್ಟು ಬಂತು. ಅದರ ಹಿಂದೆಯೇ ಒಂದು ಬಗೆಯ ಸಮಾಧಾನವೂ ಬಂತು. ಇಷ್ಟು ವರ್ಷ ಕಾದದ್ದಕ್ಕೆ ಕೊನೆಗೂ ಸಿಕ್ಕ ಎನ್ನುವ ಸಮಾಧಾನ. ಅದನ್ನು ಮುಚ್ಚಿಟ್ಟು ಹೇಳಿದರೆ ಅವನ ಕಥೆ ಹೇಳಿದಂತಾಗುವುದಿಲ್ಲ.

ಒಮ್ಮೆ ಅನುಮಾನ ಹೊಕ್ಕ ಮೇಲೆ ಸಾಕ್ಷಿಗೇನು ಬರ. ಡಬ್ಬಿಯ ಲೇಬಲ್ಲು ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸೊಟ್ಟಗಿತ್ತು. ಮುಚ್ಚಳದ ಸೀಲಿನ ಬಳೆಯ ಬಣ್ಣ ಯಾಕೋ ಮಂಕಾಗಿತ್ತು. ಭಾವಮೈದ ಹೋದ ತಿಂಗಳು ಅಂಗಡಿಗೆ ಹೊಸ ಬೋರ್ಡು ಹಾಕಿಸಿದ್ದ, ಅದರೊಳಗೆ ದೀಪ ಬೇರೆ ಉರಿಯುತ್ತಿತ್ತು. ನೇರವಾಗಿ ಅವನನ್ನೇ ಕೇಳಬಹುದಿತ್ತು. ಕೇಳಿದರೆ ಕಳ್ಳನನ್ನು ಎಬ್ಬಿಸಿದಂತೆ ಎಂದು ಕೇಳಲಿಲ್ಲ. ಒಂದು ಡಬ್ಬಿಯನ್ನು ಸಾಕ್ಷಿಗೆಂದು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ.

ಇನ್ನು ಹಳದಿ ಕಾರಿಗೆ ಏನು ಹಾಕುವುದು? ವೇಗದ ಗಾಡಿಗೆ ಗಟ್ಟಿ ಆಯಿಲ್ ಎಂಬುದು ಅವನ ಕಾಲದ ಎಲ್ಲ ಮೇಸ್ತ್ರಿಗಳ ಮಂತ್ರ. ಎಂಜಿನ್ ಎಷ್ಟು ಕಾಯುತ್ತದೋ ಅಷ್ಟು ದಪ್ಪ ಪದರ ಬೇಕು, ಪುಸ್ತಕ ಬರೆದವರು ಗಾಡಿ ಓಡಿಸುತ್ತಾರೆಯೇ? ದೊಡ್ಡ ರಸ್ತೆಯ ಆಚೆಯ ಅಂಗಡಿಗೆ ಹೋಗಿ ಇಪ್ಪತ್ತು-ಅರವತ್ತು ತಂದ. ಸುರಿದರೆ ಜೇನಿನಂತೆ ಎಳೆಯಾಗಿ ಇಳಿಯುವ ಆಯಿಲ್. ಅದನ್ನೇ ತುಂಬಿದ. ಆಯಿಲಿನ ಒತ್ತಡ ತೋರಿಸುವ ಮುಳ್ಳು ಚೆನ್ನಾಗಿ ಮೇಲೆದ್ದು ನಿಂತಿತು, ಅವನ ಕಣ್ಣಿಗೆ ತಂಪಾಯಿತು. ಗಟ್ಟಿ ಆಯಿಲ್ ದಾರಿಯಲ್ಲೇ ತಡೆದು ನಿಂತರೂ ಮುಳ್ಳು ಏಳುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ, ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ. ಬಾನೆಟ್ಟಿನೊಳಗೆ ಕಟ್ಟುವ ಚೀಟಿಯ ಮೇಲೆ ಮಾತ್ರ ಸೊನ್ನೆ-ನಲವತ್ತು ಎಂದೇ ಬರೆದ. ನಿಜ ಬರೆದರೆ ಡಾಕ್ಟರಮ್ಮ ಪುಸ್ತಕ ತೆರೆಯುತ್ತಾರೆ, ವಾದವಾಗುತ್ತದೆ. ಕಾರು ಓಡಿ ತೋರಿಸಿದ ಮೇಲೆ ತಿಳಿಸಿದರಾಯಿತು ಎಂದುಕೊಂಡ. ಡಬ್ಬಿಯ ಮೇಲಿನ ಅಕ್ಷರ ನಂಬದವನು ತನ್ನ ಕೈಯಾರೆ ಸುಳ್ಳು ಅಕ್ಷರ ಬರೆದದ್ದು ಅದೇ ಮೊದಲು.

ಬೀದಿಯಲ್ಲಿ ಅವನು ಹೆಚ್ಚೇನೂ ಹೇಳಲಿಲ್ಲ. ಪಕ್ಕದ ಟೈರಿನವನು ಚಹಾ ಕುಡಿಯುತ್ತ, ಇದೇನು ಆಚೆ ಅಂಗಡಿಯ ಡಬ್ಬಿ, ಎಂದು ಕೇಳಿದ. ಮೇಸ್ತ್ರಿ ಲೋಟದೊಳಗೆ ನೋಡುತ್ತ ಹೇಳಿದ:

"ನೋಡ್ಕೊಂಡು ತಗೊಳ್ಳಿ. ಇಷ್ಟೇ ಹೇಳೋದು ನಾನು."

ಅಷ್ಟು ಸಾಕಾಯಿತು. ಬೇರೆ ಯಾರೇ ಹೇಳಿದ್ದರೂ ಹೊಟ್ಟೆಕಿಚ್ಚು ಎನ್ನುತ್ತಿದ್ದರು. ಹೇಳಿದವನು ಜರಡಿ ಮೇಸ್ತ್ರಿ. ಅವನ ಬಾಯಲ್ಲಿ ಸುಳ್ಳು ಕೇಳಿದವರಿಲ್ಲ. ಅದರ ಮೇಲೆ ಸ್ವಂತ ಭಾವಮೈದನ ವಿಷಯ. ಮನೆಯವನ ಬಗ್ಗೆಯೇ ಇಷ್ಟು ಹೇಳುವುದಾದರೆ ಬಾಯಿಬಿಡದ್ದು ಇನ್ನೆಷ್ಟಿದೆಯೋ ಎಂದು ಬೀದಿ ಲೆಕ್ಕ ಹಾಕಿತು. ಟೈರಿನವನು ಬ್ರೇಕಿನವನಿಗೆ ಹೇಳಿದ, ಬ್ರೇಕಿನವನು ಬಣ್ಣ ಹೊಡೆಯುವವನಿಗೆ. ಎರಡು ವಾರದೊಳಗೆ ಗ್ಯಾರೇಜುಗಳೆಲ್ಲ ದೊಡ್ಡ ರಸ್ತೆ ದಾಟಿ ಆಯಿಲ್ ತರತೊಡಗಿದವು. ಯಾರೂ ಭಾವಮೈದನ ಮುಖಕ್ಕೆ ಹೇಳಲಿಲ್ಲ. ಅವನ ಅಂಗಡಿಗೆ ಬರುವುದನ್ನು ಬಿಟ್ಟರು.

ಮೂರನೇ ಭಾನುವಾರ ಭಾವಮೈದ ಊಟಕ್ಕೆ ಬರಲಿಲ್ಲ. ನಾಲ್ಕನೆಯದಕ್ಕೂ ಇಲ್ಲ. ಹೆಂಡತಿ ತಟ್ಟೆ ಹಾಕಿ ಕಾದು, ತಟ್ಟೆ ಎತ್ತಿಟ್ಟಳು. ತಮ್ಮನಿಗೆ ಏನಾದರೂ ಅಂದಿರಾ ಎಂದು ಕೇಳಿದಳು. ಅವನಿಗೆ ನಾನು ಒಂದು ಮಾತೂ ಆಡಿಲ್ಲ ಎಂದ ಮೇಸ್ತ್ರಿ. ಅದು ನಿಜವೇ ಆಗಿತ್ತು. ಅವಳು ಮಷೀನಿನ ಮುಂದೆ ಕುಳಿತಳು. ಬೆಲ್ಟು ಸಡಿಲವಾಗಿ ಮಷೀನು ಕಿರುಗುಟ್ಟುತ್ತಿತ್ತು. ಅಂದಿನಿಂದ ಬಂದವರಿಗೆ ಕಥೆ ಹೇಳುವುದನ್ನು ಅವಳು ನಿಲ್ಲಿಸಿದಳು.

ಅಷ್ಟರಲ್ಲಿ ಚಳಿ ಬಿತ್ತು. ಬೆಳಗಿನ ಹೊತ್ತು ಕಾರುಗಳ ಗಾಜಿನ ಮೇಲೆಲ್ಲ ಮಂಜು. ಡಾಕ್ಟರಮ್ಮನಿಗೆ ಎಂಟಕ್ಕೇ ಮೊದಲ ರೋಗಿ. ಅವರು ಕಾರು ಹತ್ತಿ, ಕೀಲಿ ತಿರುಗಿಸಿ, ಎರಡೇ ನಿಮಿಷಕ್ಕೆ ಮೇಲುಸೇತುವೆಯ ಮೇಲಿರುತ್ತಿದ್ದರು. ಸೊನ್ನೆಯಿಂದ ಶುರುವಾಗುವ ಆಯಿಲಿದ್ದರೆ ಚಳಿಯಲ್ಲೂ ಓಡಿಹೋಗಿ ಟರ್ಬೊದ ಬೇರಿಂಗನ್ನು ನೆನೆಸುತ್ತಿತ್ತು. ಜೇನಿನಂಥ ಆ ಅರವತ್ತು ಎದ್ದು ಹೊರಡುವಷ್ಟರಲ್ಲಿ ಟರ್ಬೊ ಒಣಗಿಕೊಂಡೇ ಸಾವಿರಾರು ಸುತ್ತು ತಿರುಗಿರುತ್ತಿತ್ತು. ಒಂದು ಸೋಮವಾರ ಹಳದಿ ಕಾರು ಇನ್ನೊಂದು ಗಾಡಿಗೆ ಕಟ್ಟಿಸಿಕೊಂಡು ಗ್ಯಾರೇಜಿಗೆ ಬಂತು. ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ, ಜೊತೆಗೆ ಸಣ್ಣ ಸಿಳ್ಳೆಯಂಥ ಸದ್ದು.

ಮೇಸ್ತ್ರಿ ಆಯಿಲ್ ಇಳಿಸಿ ಸೋಸಿದ. ಬಟ್ಟೆಯನ್ನು ಕಿಟಕಿಗೆ ಹಿಡಿದ. ಟರ್ಬೊ ಬೇರಿಂಗಿನ ಹಿತ್ತಾಳೆಯ ಪುಡಿ ಬಂಗಾರದಂತೆ ಮಿನುಗಿತು. ಎಂಜಿನ್ ಉಳಿದಿತ್ತು, ಟರ್ಬೊ ಹೋಗಿತ್ತು. ಅಭ್ಯಾಸಬಲದಿಂದ ಅವನು ಮಾಲೀಕರ ಮುಖ ನೋಡಲು ತಿರುಗಿದ. ಡಾಕ್ಟರಮ್ಮ ಕಣ್ಣು ತಪ್ಪಿಸಲಿಲ್ಲ. ಆಯಿಲ್ ಡೂಪ್ಲಿಕೇಟ್ ಇತ್ತಂತೆ, ನಿಜವೇ, ತಿರುವಿನ ಅಂಗಡಿಯವರು ಹಾಗೆ ಮಾರುತ್ತಾರಂತೆ, ಎಂದು ಕೇಳಿದರು. ಟೈರಿನವನು ಆಗಲೇ ತನ್ನ ಕೆಲಸ ಮಾಡಿ ಮುಗಿಸಿದ್ದ.

ಮೇಸ್ತ್ರಿಗೆ ಒಂದೇ ಮಾತು ಸಾಕಿತ್ತು. ನಿಮ್ಮ ಕಾರಿನಲ್ಲಿದ್ದದ್ದು ಆ ಅಂಗಡಿಯ ಆಯಿಲೇ ಅಲ್ಲ, ಎನ್ನಬೇಕಿತ್ತು. ಅವನು ಬಟ್ಟೆ ಮಡಚುತ್ತ, ನೋಡುತ್ತೇನೆ, ಎಂದ. ಒಂದು ಕಾಲದಲ್ಲಿ ತನ್ನ ಗುರು ಸ್ಪ್ಯಾನರ್ ಒರೆಸುತ್ತ ಕುಳಿತದ್ದು ನೆನಪಾಗಿ ಮೈಯೆಲ್ಲ ಬೆಂಕಿ ಇಟ್ಟಂತಾಯಿತು. ಆದರೂ ಮಡಚಿದ ಬಟ್ಟೆಯನ್ನು ಬೆಂಚಿನ ಮೇಲಿಟ್ಟು ಕೈ ತೊಳೆಯಲು ಹೋದ.

ಅವನಿಗೆ ಒಂದು ಆಸೆ ಇನ್ನೂ ಉಳಿದಿತ್ತು. ಬೀರುವಿನಲ್ಲಿದ್ದ ಡಬ್ಬಿ ನಿಜವಾಗಿಯೂ ಮೋಸದ್ದಾಗಿದ್ದರೆ ತಾನು ಮಾಡಿದ್ದಕ್ಕೆ ಒಂದು ಅರ್ಥವಾದರೂ ಇರುತ್ತದೆ. ಮಾರನೆಯ ಬೆಳಿಗ್ಗೆ ಡಬ್ಬಿಯನ್ನೂ ಕೊಳವೆಗಳನ್ನೂ ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಒಂದು ಕೊಳವೆಯಲ್ಲಿ ಭಾವಮೈದನ ಸೊನ್ನೆ-ನಲವತ್ತು, ಪಕ್ಕದಲ್ಲೇ ಇನ್ನೊಂದರಲ್ಲಿ ತಾನು ವರ್ಷಗಟ್ಟಲೆ ನಂಬಿದ್ದ ಹದಿನೈದು-ನಲವತ್ತು. ಎರಡಕ್ಕೂ ಒಟ್ಟಿಗೆ ಗುಂಡು ಬಿಟ್ಟು ಹೆಂಡತಿಗೆ ತೋರಿಸಿದ. ನಿನ್ನ ತಮ್ಮನದು ಹೇಗೆ ಓಡಿತು ನೋಡು, ಎಂದ. ಅವಳು ಕೇಳಿದಂತೆಲ್ಲ ಒಂದೊಂದೇ ಹೊರಬಂತು: ಪರೀಕ್ಷೆ, ಚೀಟಿ, ಟೈರಿನವನ ಮುಂದೆ ಆಡಿದ ಮಾತು, ಎಲ್ಲ.

ಅವಳು ಬೈಯಲಿಲ್ಲ. ಕೊಳವೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಗಾಡಿ ಓಡೋವಾಗ ಒಳಗೆ ಆಯಿಲ್ ಇಷ್ಟು ತಣ್ಣಗಿರುತ್ತಾ?"

ಇಲ್ಲ, ಕುದಿಯುವ ನೀರಿನಷ್ಟು ಬಿಸಿ ಇರುತ್ತದೆ ಎಂದ ಮೇಸ್ತ್ರಿ. ಹೇಳುತ್ತಿದ್ದಂತೆಯೇ ಅವನ ದನಿ ಇಳಿಯಿತು.

ಅವಳು ಎತ್ತರದ ಪಾತ್ರೆಯಲ್ಲಿ ನೀರು ತುಂಬಿ ಒಲೆಯ ಮೇಲಿಟ್ಟಳು. ಎರಡೂ ಕೊಳವೆಗಳನ್ನು ತಾನೇ ಅದರೊಳಗೆ ನಿಲ್ಲಿಸಿದಳು. ನೀರು ಕುದಿದು ಕೊಳವೆಗಳೂ ಕಾದವು. ಆಮೇಲೆ ಅವನು ಬಟ್ಟೆ ಹಿಡಿದು ಕೊಳವೆಗಳನ್ನು ತುಸು ಮೇಲೆತ್ತಿ, ಎರಡಕ್ಕೂ ಒಟ್ಟಿಗೆ ಗುಂಡು ಬಿಟ್ಟ. ಎರಡೂ ಒಂದೇ ಉಸಿರಿಗೆ ಒಟ್ಟಿಗೆ ತಳ ಮುಟ್ಟಿದವು. ಒಂದನ್ನು ತುಸು ಮೊದಲೇ ಬಿಟ್ಟಿರಬೇಕು ಎಂದು ಮತ್ತೆ ಬಿಟ್ಟ. ಒಟ್ಟಿಗೇ. ಮೂರನೇ ಸಲ ಬಿಟ್ಟಾಗ ಅವನು ನೋಡುತ್ತಿದ್ದದ್ದು ಗುಂಡನ್ನಲ್ಲ, ಹೆಂಡತಿಯ ಮುಖವನ್ನು.

ಡಬ್ಬಿಯ ಮೇಲೆ ನಲವತ್ತು ಎಂದಿತ್ತು. ಅದು ನಲವತ್ತೇ ಆಗಿತ್ತು. ಅವನ ಗುಂಡು ಸುಳ್ಳು ಹೇಳಿರಲಿಲ್ಲ. ಅವನು ಅದನ್ನು ಹದಿನಾರು ವರ್ಷವೂ ಬೆಳಗಿನ ತಂಪಿನಲ್ಲಿ ಕೇಳಿದ್ದ, ಅದು ತಂಪಿನ ಉತ್ತರ ಕೊಟ್ಟಿತ್ತು. ಆಗೆಲ್ಲ ಬಂದ ಆಯಿಲುಗಳು ಒಂದೇ ಜಾತಿಯವಾದ್ದರಿಂದ ತಪ್ಪು ಬಯಲಾಗಿರಲಿಲ್ಲ. ಲೋಕದಲ್ಲಿ ಎಲ್ಲರನ್ನೂ ಅನುಮಾನಿಸಿದವನು ತನ್ನ ಗಾಜಿನ ಕೊಳವೆಯನ್ನು ಮಾತ್ರ ಅನುಮಾನಿಸಿರಲಿಲ್ಲ.

ಹೆಂಡತಿ ಒಲೆ ಆರಿಸಿ ಇನ್ನೊಂದು ಮಾತು ಕೇಳಿದಳು.

"ಆಚೆ ಅಂಗಡಿಯಿಂದ ತಂದ್ರಲ್ಲ, ಆ ಗಟ್ಟಿ ಆಯಿಲಿಗೆ ಗುಂಡು ಬಿಟ್ಟಿದ್ರಾ?"

ಬಿಟ್ಟಿರಲಿಲ್ಲ. ಭಾವಮೈದನ ಡಬ್ಬಿಯಲ್ಲ ಎಂಬುದೇ ಅವನಿಗೆ ಸಾಕಾಗಿತ್ತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೇಸ್ತ್ರಿಗೆ ನಾಚಿಕೆಯಾಯಿತು.

ಅವನಲ್ಲಿ ನೂರು ತಪ್ಪಿರಲಿ, ತಪ್ಪು ಕಂಡ ಮೇಲೆ ಅದನ್ನು ಹಾಸಿಗೆಯ ಕೆಳಗೆ ತಳ್ಳುವವನಲ್ಲ. ಅವತ್ತೇ ಹೊರಟ. ಭಾವಮೈದನ ಹೆಸರನ್ನು ತನ್ನ ಬಾಯಿ ಕೆಡಿಸಿತ್ತು, ತನ್ನ ಬಾಯೇ ಅದನ್ನು ನೆಟ್ಟಗೆ ಮಾಡಬೇಕು. ಇದರಲ್ಲಿ ಕಷ್ಟವೇನೂ ಇಲ್ಲ, ನಿಜ ಹೇಳಿದರಾಯಿತು ಎಂದುಕೊಂಡ. ಐವತ್ತೈದು ವರ್ಷ ಬದುಕಿದವನು ಅಷ್ಟು ಮುಗ್ಧನಾಗಿದ್ದ.

ಮೊದಲು ಡಾಕ್ಟರಮ್ಮನ ಕ್ಲಿನಿಕ್ಕು. ಕಾಯುವ ಕೋಣೆಯಲ್ಲಿ ದವಡೆ ಹಿಡಿದವರ ನಡುವೆ ಕುಳಿತು, ಸರದಿ ಬಂದಾಗ ಒಳಗೆ ಹೋಗಿ, ನಿಂತೇ ಎಲ್ಲ ಹೇಳಿದ. ಕಾರಿಗೆ ಹಾಕಿದ್ದು ತಿರುವಿನ ಅಂಗಡಿಯ ಆಯಿಲಲ್ಲ, ತಾನು ಬೇರೆ ಕಡೆ ತಂದದ್ದು. ಚೀಟಿಯ ಮೇಲೆ ಸುಳ್ಳು ಬರೆದದ್ದು ತಾನು. ಟರ್ಬೊ ತನ್ನ ದುಡ್ಡಿನಲ್ಲೇ ಹಾಕಿಕೊಡುವುದಾಗಿ ಹೇಳಿದ. ಇಪ್ಪತ್ತು-ಅರವತ್ತರ ಖಾಲಿ ಡಬ್ಬಿಯನ್ನು ಚೀಲದಿಂದ ತೆಗೆದು ತೋರಿಸಿದ. ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತೇನೆ ಎನ್ನುವ ರೋಗಿಯನ್ನು ನೋಡುವಂತೆ ಡಾಕ್ಟರಮ್ಮ ಅವನನ್ನು ನೋಡಿದರು.

"ಅಂಗಡಿಯವರು ನಿಮ್ಮ ಮನೆಯವರ ತಮ್ಮ ಅಲ್ವಾ?"

ಹೌದೆಂದ.

"ಅರ್ಥ ಆಗುತ್ತೆ ಬಿಡಿ. ನನಗೂ ಒಬ್ಬ ತಮ್ಮ ಇದ್ದಾನೆ. ಅವನಿಗೋಸ್ಕರ ನಮ್ಮ ಯಜಮಾನ್ರು ಇಷ್ಟು ಮಾಡಲ್ಲ."

ಮೇಸ್ತ್ರಿ ಮತ್ತೆ ಮೊದಲಿನಿಂದ ಹೇಳಿದ. ಕುದಿಯುವ ನೀರು, ಎರಡು ಕೊಳವೆ, ಒಟ್ಟಿಗೆ ಬಿದ್ದ ಗುಂಡು. ಹೇಳಿದಷ್ಟೂ ಕಟ್ಟುಕಥೆಯಂತೆ ಕೇಳಿಸುತ್ತಿದೆ ಎಂದು ಅವನಿಗೇ ಅನಿಸತೊಡಗಿತು. ಡಾಕ್ಟರಮ್ಮ ಒಳ್ಳೆಯವರು, ಕೋಪಿಸಿಕೊಳ್ಳಲಿಲ್ಲ. ನಿಮ್ಮ ಬಗ್ಗೆ ಗೌರವ ಹೆಚ್ಚಾಯಿತು ಎಂದರು. ಟರ್ಬೊ ಹಾಕಿ ಕೊಡಿ, ಆದರೆ ಆ ಅಂಗಡಿಯಿಂದ ಇನ್ನು ಏನೂ ಬೇಡ ಎಂದು ಸೇರಿಸಿದರು.

ಬೀದಿಯಲ್ಲಿ ಇನ್ನೂ ಕಷ್ಟವಾಯಿತು. ಟೈರಿನವನು ಕೇಳಿ ಮುಗಿಸಿ ಕಣ್ಣು ಹೊಡೆದ.

"ಮನೇಲಿ ಜೋರಾಗಿ ಆಯ್ತು ಅಂತ ಕಾಣುತ್ತೆ."

ಇಲ್ಲ ಮಾರಾಯ, ನಿಜವಾಗಿಯೂ ನನ್ನದೇ ತಪ್ಪು, ಎಂದ ಮೇಸ್ತ್ರಿ. ಆಗಲಿ ಆಗಲಿ, ನಾವೂ ಹೆಂಡತಿಯರ ಜೊತೆ ಬಾಳುವವರೇ, ಎಂದ ಟೈರಿನವನು. ಬ್ರೇಕಿನವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಾವಮೈದ ಕೇಸು ಹಾಕುತ್ತೇನೆ ಎಂದು ಹೆದರಿಸಿದನೇ ಎಂದು ಮೆಲ್ಲಗೆ ವಿಚಾರಿಸಿದ. ಮೇಸ್ತ್ರಿ ಸ್ವಂತ ದುಡ್ಡಿನಿಂದ ಹೊಸ ಟರ್ಬೊ ತರಿಸಿ ಕೂರಿಸುತ್ತಿದ್ದಾನೆ ಎಂಬ ಸುದ್ದಿ ಹರಡಿದ ಮೇಲಂತೂ ಮುಗಿದೇಹೋಯಿತು. ಅಷ್ಟು ದೊಡ್ಡ ಭಾರ ಹೊರುತ್ತಿದ್ದಾನೆಂದರೆ ಭಾವಮೈದ ಮಾಡಿದ ಮೋಸವೂ ಅಷ್ಟೇ ದೊಡ್ಡದಿರಬೇಕು ಎಂದು ಬೀದಿ ತೀರ್ಮಾನಿಸಿತು. ಅವನು ಆಣೆ ಮಾಡಿದರೆ ಅಯ್ಯೋ ಪಾಪ ಎಂದರು, ಸಿಟ್ಟಾದರೆ ಇನ್ನೂ ಪಾಪ ಎಂದರು. ಅನುಮಾನದ ಮಾತಿಗೆ ಇದ್ದ ಬೆಲೆ ಅವನ ನಿಜಕ್ಕೆ ಸಿಗಲಿಲ್ಲ.

ಕೊನೆಗೆ ಭಾವಮೈದನ ಅಂಗಡಿಗೆ ಹೋದ. ಮೊದಲು ಅಲ್ಲಿಗೇ ಹೋಗಬೇಕಿತ್ತು, ಕಾಲು ಬಂದಿರಲಿಲ್ಲ. ಹೊಸ ಬೋರ್ಡಿನ ದೀಪ ಹಚ್ಚಿರಲಿಲ್ಲ. ಒಳಗೆ ಆಯಿಲ್ ಡಬ್ಬಿಗಳು ಸಾಲುಗಟ್ಟುತ್ತಿದ್ದ ಗೋಡೆಯ ಮೇಲೆ ಈಗ ಸೀಟಿನ ಹೊದಿಕೆ, ವೈಪರ್ ಕಡ್ಡಿ, ಕಾರಿನೊಳಗೆ ತೂಗುಹಾಕುವ ಸುವಾಸನೆಯ ಬಿಲ್ಲೆಗಳು. ಭಾವಮೈದ ಸ್ಟೂಲು ಎಳೆದು ಕೊಟ್ಟ. ಮಾತುಗಾರ ಮನುಷ್ಯ ಒಂದು ಮಾತೂ ಆಡದೆ ಎಲ್ಲ ಕೇಳಿಸಿಕೊಂಡ. ಮೇಸ್ತ್ರಿ ಹೇಳಿ ಮುಗಿಸಿ, ಇವನೂ ನಂಬದಿದ್ದರೆ ಏನು ಗತಿ ಎಂದು ಅವನ ಮುಖವನ್ನೇ ನೋಡಿದ.

"ನಾನು ನಂಬ್ತೀನಿ ಭಾವ. ಡಬ್ಬಿಯೊಳಗೆ ಏನಿತ್ತು ಅಂತ ನನಗೆ ಮೊದಲೇ ಗೊತ್ತಿತ್ತಲ್ಲ. ಆದ್ರೆ ನನ್ನ ಹತ್ರ ಆಯಿಲ್ ತಗೊಳ್ಳೋನು ನಾನಲ್ವಲ್ಲ."

ಅವನ ದನಿಯಲ್ಲಿ ಕೊಂಕಿರಲಿಲ್ಲ, ಅದೇ ಮೇಸ್ತ್ರಿಗೆ ತಡೆಯಲಾಗದ್ದು. ಭಾನುವಾರ ಬಾ ಎಂದ. ಅಕ್ಕನನ್ನು ನೋಡಲು ಬರುತ್ತೇನೆ, ಮಷೀನಿನ ಬೆಲ್ಟು ಹಾಗೇ ಇದೆಯಂತೆ, ಎಂದ ಭಾವಮೈದ. ಹಳದಿ ಕಾರಿಗೆ ಸೊನ್ನೆ-ನಲವತ್ತು ಬೇಕಿತ್ತು, ನಿನ್ನ ಕೈಯಿಂದಲೇ ಬೇಕು, ಎಂದು ಮೇಸ್ತ್ರಿ ಕೇಳಿದ. ಡಾಕ್ಟರಮ್ಮ ಬೇಡವೆಂದದ್ದನ್ನು ಅವನು ಮರೆತಿರಲಿಲ್ಲ. ಅವರ ಮುಂದೆಯೇ ಆ ಡಬ್ಬಿ ತೆರೆದು ಸುರಿಯಬೇಕೆಂದಿದ್ದ. ಭಾವಮೈದ ಗೋಡೆಯ ಕಡೆ ಕೈ ತೋರಿಸಿದ. ತೆರೆಯದ ಡಬ್ಬಿಗಳನ್ನು ಕಂಪನಿಗೆ ವಾಪಸ್ಸು ಕಳಿಸಿ ವಾರವಾಗಿತ್ತು. ಇನ್ನು ಆಯಿಲ್ ಇಡುವುದಿಲ್ಲ ಎಂದ.

ಟರ್ಬೊ ಕೂರಿಸಿಯಾಗಿತ್ತು, ಕಾರು ಆಯಿಲಿಗಾಗಿ ಕಾದಿತ್ತು. ಮೇಸ್ತ್ರಿ ದೊಡ್ಡ ರಸ್ತೆ ದಾಟಿ ಆಚೆ ಅಂಗಡಿಗೆ ಹೋಗಲೇಬೇಕಾಯಿತು. ಕೌಂಟರಿನ ಹಿಂದಿದ್ದವನು ಅವನನ್ನು ಕಂಡು ಎದ್ದು ನಿಂತ. ಈಚೆಗೆ ಅವನಿಗೆ ವ್ಯಾಪಾರ ಜೋರು, ಅದಕ್ಕೆ ಯಾರು ಕಾರಣ ಎಂಬುದೂ ಗೊತ್ತಿತ್ತು. ಸೊನ್ನೆ-ನಲವತ್ತರ ಡಬ್ಬಿಗಳನ್ನು ತಾನೇ ಒರೆಸಿ ಮುಂದಿಟ್ಟ.

"ಎಲ್ಲರಿಗೂ ನಿಮ್ಮ ಹೆಸರೇ ಹೇಳ್ತೀನಿ ಮೇಸ್ತ್ರಿ. ಸ್ವಂತ ಭಾವಮೈದನ ಅಂಗಡಿ ಪಕ್ಕದಲ್ಲೇ ಇದ್ರೂ ಇವರು ಇಲ್ಲಿಗೆ ಬರ್ತಾರೆ, ಇನ್ನೇನು ಬೇಕು ಅಂತ."

ಮೇಸ್ತ್ರಿ ಡಬ್ಬಿಗಳ ಮೇಲಿಂದ ಕೈ ತೆಗೆದ. ಅಂಗಡಿಯಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು. ಅವರ ಕಡೆಗೂ ಒಮ್ಮೆ ನೋಡಿ, ಹಾಗಲ್ಲ, ಸ್ವಲ್ಪ ಕೇಳಿ, ಎಂದು ಮೊದಲಿನಿಂದ ಹೇಳಲು ಶುರು ಮಾಡಿದ. ಮೂವರೂ ಬಹಳ ಮರ್ಯಾದೆಯಿಂದ ತಲೆಯಾಡಿಸುತ್ತ ಕೇಳಿಸಿಕೊಂಡರು.